ಮಡಿಕೇರಿ ಚಳಿಗೆ ಎಡಮಾಮೆ ಯಾವಾಗ ಬಿತ್ತಬೇಕು?

ಎಡಮಾಮೆ ಅಂದರೆ ಬಲಿಯುವ ಮುಂಚೆಯೇ ಕೀಳುವ ಹಸಿ ಸೋಯಾ ಕಾಯಿ. ಹಿಮ ಬೀಳುವ ದೇಶಗಳಲ್ಲಿ ಕೊನೆಯ ಹಿಮ ಕಳೆದು ಮಣ್ಣು ಬೆಚ್ಚಗಾದ ಮೇಲೆ ಬಿತ್ತುತ್ತಾರೆ. ಮಣ್ಣಿನ ಬಿಸಿ 15 ಡಿಗ್ರಿಗಿಂತ ಕಡಿಮೆಯಿದ್ದರೆ ಬೀಜ ಮೊಳೆಯುವ ಮೊದಲೇ ಕೊಳೆಯುವುದು ಜಾಸ್ತಿ. 18 ದಾಟಿದರೆ ಒಳ್ಳೆಯದು.

ನಮ್ಮಲ್ಲಿ ಚಳಿಗಿಂತ ಮಳೆಯದೇ ಕಾಟ ಅಲ್ವಾ? ಜೂನ್, ಜುಲೈನಲ್ಲಿ ಸುಮ್ನೆ ಬೀಜ ಹಾಳು ಮಾಡಬೇಡಿ. ನಾನು ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಮುಗಿಸಿ, ಸೆಪ್ಟೆಂಬರ್‌ನಲ್ಲಿ ಮಳೆ ಬಿಡುವು ಕೊಟ್ಟಾಗ ಬಿತ್ತುತ್ತೇನೆ. ತಳಿ ನೋಡಿಕೊಂಡು 75ರಿಂದ 100 ದಿನಕ್ಕೆ ಕಾಯಿ ಸಿಗುತ್ತದೆ. ನವೆಂಬರ್-ಡಿಸೆಂಬರ್‌ನಲ್ಲಿ ಬರುವ ನಮ್ಮ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ ಕೊಯ್ಲು, ಡಿಸೆಂಬರ್ ಕೊನೆಯ ಗಡಗಡ ಚಳಿಗೆ ಗಿಡ ಸಿಕ್ಕಿಹಾಕಿಕೊಳ್ಳುವುದಿಲ್ಲ. ಬಿತ್ತನೆಯನ್ನು ಅಕ್ಟೋಬರ್‌ಗೆ ತಳ್ಳಬೇಡಿ. ನೀರಿನ ಅನುಕೂಲ ಇದ್ದವರು ಫೆಬ್ರವರಿ ಕೊನೆಯಲ್ಲೂ ಹಾಕಬಹುದು, ಮಳೆಗಾಲಕ್ಕೆ ಮುಂಚೆ ಕೊಯ್ಲು ಮುಗಿಯುತ್ತದೆ.

ಕಾಫಿ ಗಿಡದ ನೆರಳಲ್ಲಿ ಬೇಡ, ಪೂರ್ತಿ ಬಿಸಿಲು ಬೀಳುವ ಜಾಗ ಬೇಕು. ಏರು ಮಡಿ ಮಾಡಿ, ನೀರು ಹರಿದುಹೋಗಲಿ. ಒಂದು ಇಂಚು ಆಳ, ಬೀಜದಿಂದ ಬೀಜಕ್ಕೆ ಮೂರ್ನಾಲ್ಕು ಇಂಚು, ಸಾಲಿಗೆ ಒಂದೂವರೆ ಅಡಿ. ಬೀಜ ನೆನೆಸಬೇಡಿ. ಮೊದಲ ಸಲ ಬಿತ್ತುವಾಗ ಸೋಯಾಗೆಂದೇ ಬರುವ ರೈಜೋಬಿಯಂ (ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಬೀಜಕ್ಕೆ ಸವರಿದರೆ ಬೇರಿನ ಗಂಟು ಚೆನ್ನಾಗಿ ಕಟ್ಟುತ್ತದೆ. ಯೂರಿಯಾ ಸುರಿದರೆ ಬರೀ ಎಲೆ. ಮೊಳಕೆಗೆ ಹಕ್ಕಿಗಳು ಕಾದೇ ಇರುತ್ತವೆ, ಎಲೆ ಬಿಡುವವರೆಗೆ ಬಲೆ ಹೊದಿಸಿ.

ಕಾಳು ತುಂಬಿ ಸಿಪ್ಪೆ ಇನ್ನೂ ಹಸಿರಾಗಿರುವಾಗಲೇ ಕೀಳಿ. ಹಳದಿಗೆ ತಿರುಗಿದರೆ ಸಿಹಿ ಹೋಯಿತು. ಉಪ್ಪು ನೀರಲ್ಲಿ ಐದು ನಿಮಿಷ ಕುದಿಸಿ, ಕಾಳು ಮಾತ್ರ ತಿನ್ನಿ. ಸಿಪ್ಪೆ ಗೊಬ್ಬರದ ಗುಂಡಿಗೆ.