ಬಟಾಟೆ, ಬೀಟ್‌ರೂಟ್, ಉಪ್ಪು: ಜೀವಕೋಶದ ಬಾಗಿಲನ್ನು ಅಡುಗೆಕಟ್ಟೆಯಲ್ಲೇ ನೋಡಿ

ದಾದರ್‌ನಲ್ಲಿ ಕೊಂಡ ಕೊತ್ತಂಬರಿ ಕಟ್ಟು ಲೋಕಲ್‌ನ ಸೆಕೆಯಲ್ಲಿ ಡೊಂಬಿವಲಿ ಸೇರುವಷ್ಟರಲ್ಲಿ ತಲೆ ಬಾಗಿಸಿಬಿಡುತ್ತದೆ. ನೀರಲ್ಲಿ ನಿಲ್ಲಿಸಿದರೆ ಮತ್ತೆ ಎದ್ದು ನಿಲ್ಲುತ್ತದೆ, ಅಲ್ವಾ? ಮಕ್ಕಳ ಪುಸ್ತಕದಲ್ಲಿ ಬರುವ ಆಸ್ಮೋಸಿಸ್, ಕನ್ನಡದಲ್ಲಿ ಅಭಿಸರಣ, ಇದೇ. ಬಾಯಿಪಾಠ ಮಾಡಿಸುವ ಮೊದಲು ಒಮ್ಮೆ ಮಾಡಿ ತೋರಿಸಿ.

ಹಸಿ ಬಟಾಟೆ ಸಿಪ್ಪೆ ತೆಗೆದು, ಬೆರಳುದ್ದದ ಎರಡು ಒಂದೇ ಅಳತೆಯ ತುಂಡು ಮಾಡಿ. ಒಂದು ಲೋಟದಲ್ಲಿ ಬರೀ ನೀರು, ಇನ್ನೊಂದರಲ್ಲಿ ನೀರಿಗೆ ಎರಡು ಟೀ ಚಮಚ ಉಪ್ಪು. ಒಂದೊಂದರಲ್ಲಿ ಒಂದೊಂದು ತುಂಡು ಹಾಕಿ ಎರಡು ಗಂಟೆ ಬಿಡಿ. ಈಗ ಬಗ್ಗಿಸಿ ನೋಡಿ. ಬರೀ ನೀರಿನದು ಗಟ್ಟಿಯಾಗಿ ಪಟ್ಟಂತ ಮುರಿಯುತ್ತದೆ, ಉಪ್ಪಿನದು ರಬ್ಬರಿನ ಹಾಗೆ ಬಳುಕುತ್ತದೆ. ಕೋಶದ ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ಉಪ್ಪನ್ನು ಹಾಗೆ ಬಿಡುವುದಿಲ್ಲ. ಹಾಗಾಗಿ ಉಪ್ಪು ಜಾಸ್ತಿ ಇರುವ ಕಡೆಗೆ ನೀರೇ ಹೊರಟುಹೋಗುತ್ತದೆ. ನೀರಿಗೆಂದೇ ಪೊರೆಯಲ್ಲಿ ಸಣ್ಣ ಕೊಳವೆಗಳಿವೆ, ಅವುಗಳನ್ನು ಪತ್ತೆಹಚ್ಚಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು.

ಪೊರೆ ಎಷ್ಟು ಬಿಗಿ ಅಂತ ನೋಡಲು ಬೀಟ್‌ರೂಟ್ ಬೇಕು. ಹೆಚ್ಚಿದ ತುಂಡುಗಳನ್ನು ತೊಳೆದ ನೀರು ತಿಳಿಯಾಗುವವರೆಗೂ ತೊಳೆಯಿರಿ, ಇದನ್ನು ಮಾತ್ರ ಬಿಡಬೇಡಿ, ಯಾಕೆಂದರೆ ಚಾಕು ಕತ್ತರಿಸಿದ ಕೋಶಗಳ ಬಣ್ಣ ಹೇಗಿದ್ದರೂ ಸೋರುತ್ತದೆ. ಆಮೇಲೆ ಒಂದನ್ನು ತಣ್ಣೀರಿಗೆ, ಒಂದನ್ನು ಕುದಿ ನೀರಿಗೆ ಹಾಕಿ. ತಣ್ಣೀರು ಹೆಚ್ಚೆಂದರೆ ತೆಳು ಗುಲಾಬಿ. ಕುದಿ ನೀರು ಮಾತ್ರ ನೋಡನೋಡುತ್ತಲೇ ಕೆಂಪಾಗುತ್ತದೆ. ಬಿಸಿಗೆ ಪೊರೆ ಒಡೆದುಹೋಯಿತು, ಅಷ್ಟೇ.

ನೀರು ತಾನಾಗಿ ಹರಿಯುತ್ತದೆ, ಆದರೆ ಎಲ್ಲವೂ ಹಾಗಲ್ಲ. ನಮ್ಮ ಕೋಶಗಳು ಶಕ್ತಿ ಖರ್ಚು ಮಾಡಿ ಸಲಕ್ಕೆ 3 ಸೋಡಿಯಂ ಹೊರಗೆ ದಬ್ಬುತ್ತವೆ, 2 ಪೊಟ್ಯಾಸಿಯಂ ಒಳಗೆ ಎಳೆಯುತ್ತವೆ. ಇದು ನಿಂತರೆ ಕೋಶ ಉಬ್ಬಿ ಒಡೆಯುತ್ತದೆ.

ಮುಂಬೈ ಮಳೆಗಾಲದಲ್ಲಿ ಇದು ಮನೆಮನೆಗೂ ಬೇಕಾದ ವಿಷಯ. ಭೇದಿಯಾದಾಗ ಕೊಡುವ ಓಆರ್‌ಎಸ್‌ನಲ್ಲಿ ಸಕ್ಕರೆ ಇರುವುದು ರುಚಿಗಲ್ಲ. ಕರುಳಿನ ಕೋಶಗಳಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಬಂದರೆ ತೆರೆಯುವ ಬಾಗಿಲಿದೆ, ಅವು ಒಳಗೆ ಹೋದರೆ ನೀರೂ ಹಿಂದೆಯೇ ಹೋಗುತ್ತದೆ. ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಎಂಬ ಲೆಕ್ಕ ಅದಕ್ಕೇ. ಬೇಗ ಗುಣವಾಗಲಿ ಅಂತ ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದೇ ಲೋಟಕ್ಕೆ ಸುರಿದರೆ, ಉಪ್ಪುನೀರಿನ ಬಟಾಟೆಗೆ ಆದ ಗತಿಯೇ ಕರುಳಿಗೂ ಆಗುತ್ತದೆ. ಮಗುವಿನ ಮೈಯ ನೀರೇ ಹೊರಗೆ ಬರುತ್ತದೆ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು ಅಳೆದು ಹಾಕಿ.