ಮನೆ ಮಾರುಕಟ್ಟೆ ಬಿದ್ದಾಗ ಲೆಕ್ಕ ಹಾಕುವುದು ಹೇಗೆ?

ರೇಟು ಬಿದ್ದಿದೆ, ಈಗಲೇ ಒಂದು ಫ್ಲ್ಯಾಟ್ ಹಿಡಿದುಬಿಡೋಣ ಎಂದು ಓಡಿ ಕೈ ಸುಟ್ಟುಕೊಂಡವರನ್ನು ಬೆಂಗಳೂರಿನಲ್ಲಿ ಸಾಕಷ್ಟು ನೋಡಿದ್ದೇನೆ. ಅಮೆರಿಕದಲ್ಲಿ 2006ರಿಂದ 2012ರ ಹೊತ್ತಿಗೆ ಮನೆಗಳ ಬೆಲೆ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯಿತು. ನಮ್ಮಲ್ಲಿ ಹಾಗೆ ಕಣ್ಣಿಗೆ ಕಾಣುವಂತೆ ಬೀಳುವುದು ಕಡಿಮೆ. ಬೆಲೆ ಸುಮ್ನೆ ನಿಂತುಬಿಡುತ್ತದೆ. ಮಾಲೀಕರು ಹಳೇ ರೇಟನ್ನೇ ಹೇಳುತ್ತಿರುತ್ತಾರೆ, ಕೊಳ್ಳುವವರು ಬರುವುದಿಲ್ಲ.

ಹಾಗಾಗಿ ಮೊದಲು ನಿಜವಾದ ಬೆಲೆ ತಿಳಿದುಕೊಳ್ಳಿ. ಜಾಹೀರಾತಿನ ಬೆಲೆ ಬರೀ ಆಸೆ. ಅದೇ ಅಪಾರ್ಟ್‌ಮೆಂಟಿನಲ್ಲಿ ಈಚೆಗೆ ಕೊಂಡವರ ಕ್ರಯಪತ್ರ ನೋಡಲು ಸಿಕ್ಕರೆ ಬಹಳ ಒಳ್ಳೆಯದು.

ಎರಡನೆಯದು ಬಾಡಿಗೆ ಲೆಕ್ಕ. ಜನ ಎಡವುವುದು ಇಲ್ಲೇ. 80 ಲಕ್ಷದ ಫ್ಲ್ಯಾಟ್, ತಿಂಗಳಿಗೆ 25,000 ಬಾಡಿಗೆ ಎಂದುಕೊಳ್ಳಿ. ಸ್ಟ್ಯಾಂಪ್ ಡ್ಯೂಟಿ 5%, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 2%, ಮೇಲೆ ಸೆಸ್. ಎಲ್ಲ ಸೇರಿ 86 ಲಕ್ಷ ಮುಟ್ಟುತ್ತದೆ. ವರ್ಷದ ಬಾಡಿಗೆ 3 ಲಕ್ಷ. ಒಂದು ತಿಂಗಳು ಖಾಲಿ ಬಿದ್ದರೆ 25,000 ಹೋಯಿತು. ಕಂದಾಯ, ಬಣ್ಣ, ನಲ್ಲಿ ರಿಪೇರಿಗೆ ಇನ್ನೊಂದು 25,000. ಕೈಗೆ ಬರುವುದು ಎರಡೂವರೆ ಲಕ್ಷ. ಅಂದರೆ 3%ಕ್ಕಿಂತ ಕಡಿಮೆ!

ಉಳಿದದ್ದನ್ನು ಬೆಲೆ ಏರಿಕೆಯೇ ತುಂಬಿಕೊಡಬೇಕು, ಅಲ್ವಾ? ಬೆಲೆ ಐದು ವರ್ಷ ಏರಲೇ ಇಲ್ಲ ಎಂದುಕೊಳ್ಳಿ. ಹಣದುಬ್ಬರ ವರ್ಷಕ್ಕೆ 5% ಇದ್ದರೂ ಆಗ ಸಿಗುವ 80 ಲಕ್ಷ ಇವತ್ತಿನ 63 ಲಕ್ಷಕ್ಕೆ ಸಮ. ನಮ್ಮಲ್ಲಿ ಕುಸಿತ ಎಂದರೆ ಇದೇ. ನನ್ನ ಚಿಕ್ಕಪ್ಪನ ಮಗ ಏಳು ವರ್ಷದ ನಂತರ ಕೊಂಡ ಬೆಲೆಗೇ ಮಾರಿ, ‘ಅಸಲಂತೂ ಬಂತು ಬಿಡು’ ಅಂದ. ಊಟದ ಮೇಜಿನ ಮೇಲೆ ಬ್ಯಾಂಕಿನ ಪತ್ರದ ಹಿಂಬದಿಯಲ್ಲೇ ಕಟ್ಟಿದ ಬಡ್ಡಿಯನ್ನು ಕೂಡಿಸಿ ತೋರಿಸಿದೆ. ಅವನಿಗೆ ಮಾತೇ ಹೊರಡಲಿಲ್ಲ. ಆಮೇಲಿಂದ ನನ್ನದೊಂದು ನಿಯಮ: ಖರ್ಚು ಕಳೆದ ಬಾಡಿಗೆ ಒಟ್ಟು ಹಣದ 3.5% ಮುಟ್ಟದಿದ್ದರೆ ಹೂಡಿಕೆಗೆಂದು ಕೊಳ್ಳಲೇಬೇಡಿ.

ಪ್ರೀ-ಲಾಂಚ್ ಆಫರ್ ಹತ್ತಿರ ಸುಳಿಯಬೇಡಿ. ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ಪ್ರಾಜೆಕ್ಟ್ ನೋಂದಣಿ ಆಗುವ ಮುಂಚೆ ಬುಕಿಂಗ್ ಹಣ ಪಡೆಯುವುದೇ ಕಾನೂನಿಗೆ ವಿರುದ್ಧ. ‘ಕೀ ಕೊಡುವವರೆಗೆ ಇಎಂಐ ನಾವೇ ಕಟ್ಟುತ್ತೇವೆ’ ಎನ್ನುವ ಸ್ಕೀಮೂ ಬೇಡ. ಸಾಲ ಇರುವುದು ನಿಮ್ಮ ಹೆಸರಲ್ಲಿ. ಬಿಲ್ಡರ್ ನಿಲ್ಲಿಸಿದ ದಿನ ಬ್ಯಾಂಕಿನವರು ನಿಮ್ಮ ಮನೆಗೇ ಬರುತ್ತಾರೆ.

ಮೂರನೆಯದು ಸಾಲ. 50 ಲಕ್ಷಕ್ಕೆ 20 ವರ್ಷ, 7% ಬಡ್ಡಿಯಾದರೆ ಕಂತು ಸುಮಾರು 38,800. 9% ಆದರೆ 45,000. ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಏರಿದರೆ ಮನೆ ಸಾಲದ ಬಡ್ಡಿಯೂ ಏರುತ್ತದೆ. ಅದು 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ 4%ರಿಂದ 6.5%ಕ್ಕೆ ಹೋಗಿತ್ತು. ದೊಡ್ಡ ಕಂತನ್ನೂ ಕಟ್ಟಬಲ್ಲಿರಾದರೆ ಮಾತ್ರ ಮುಂದುವರಿಯಿರಿ.

ಕಾಗದಪತ್ರ ವಕೀಲರಿಗೆ ತೋರಿಸಿ: ಇಸಿ (ಋಣಭಾರ ಪತ್ರ), ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ), ಓಸಿ (ಕಟ್ಟಡದಲ್ಲಿ ವಾಸಕ್ಕೆ ಅನುಮತಿ ಪತ್ರ).

ಕೊನೆಗೆ, ಚೇತರಿಕೆ ಗುರುತಿಸುವುದು. ಸಾಮಾನ್ಯವಾಗಿ ಮೊದಲು ಏರುವುದು ಬಾಡಿಗೆ, ಬೆಲೆ ಆಮೇಲೆ. ಕೋವಿಡ್ ಹೊತ್ತಿನಲ್ಲಿ ಐಟಿಯವರು ಊರಿಗೆ ಹೋದಾಗ ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆ ಟು-ಲೆಟ್ ಬೋರ್ಡು ತುಂಬಿದ್ದವು. 2022ರಲ್ಲಿ ಆಫೀಸು ತೆರೆದವು, ಬೋರ್ಡು ಮಾಯವಾದವು, ಬಾಡಿಗೆ ಜಿಗಿಯಿತು. ನೀವು ನೋಡಿರುವ ಅಪಾರ್ಟ್‌ಮೆಂಟಿಗೆ ಭಾನುವಾರ ರಾತ್ರಿ ಎಂಟಕ್ಕೆ ಹೋಗಿ. ದೀಪ ಹತ್ತಿರುವ ಕಿಟಕಿ ಎಣಿಸಿ. ಎಷ್ಟು ಮನೆ ಖಾಲಿ ಎಂದು ವಾಚ್‌ಮನ್ ಹತ್ತಿರ ಕೇಳಿ. ಮೂರು ತಿಂಗಳು ಬಿಟ್ಟು ಮತ್ತೆ ಎಣಿಸಿ. ಆಗಲೂ ಅರ್ಧ ಕಿಟಕಿ ಕತ್ತಲಾಗಿಯೇ ಇದ್ದರೆ ನಾನಂತೂ ಟೋಕನ್ ಕೊಡುವುದಿಲ್ಲ.