ಶೇರ್‌ಪಾಯಿಂಟ್ ಡೇಟಾಬೇಸ್‌ಗಳಿಗೆ ನಾವೇ ಹೆಸರಿಡೋಣ: ಪವರ್‌ಶೆಲ್‌ನಲ್ಲಿ ಫಾರ್ಮ್ ಕಟ್ಟುವ ಬಗೆ

ವಿಝಾರ್ಡ್‌ನಲ್ಲಿ ನೆಕ್ಸ್ಟ್ ಒತ್ತುತ್ತಾ ಶೇರ್‌ಪಾಯಿಂಟ್ (ಸಂಸ್ಥೆಯ ಕಡತ, ತಾಣಗಳನ್ನು ಇಡುವ ಮೈಕ್ರೋಸಾಫ್ಟ್ ತಂತ್ರಾಂಶ) ಫಾರ್ಮ್, ಅಂದರೆ ಅದನ್ನು ನಡೆಸುವ ಸರ್ವರ್‌ಗಳ ಗುಂಪು, ಕಟ್ಟಿದರೆ ಡೇಟಾಬೇಸ್‌ಗಳು ಇರುವ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಏನು ಕಾಣುತ್ತದೆ ಗೊತ್ತಲ್ವಾ? ‘ಶೇರ್‌ಪಾಯಿಂಟ್_ಅಡ್ಮಿನ್‌ಕಂಟೆಂಟ್_’ ಅಂತ ಶುರುವಾಗಿ, ಹಿಂದೆ 36 ಅಕ್ಷರದ ಜಿಯುಐಡಿ (ಕಂಪ್ಯೂಟರ್ ತಾನೇ ಹುಟ್ಟಿಸುವ ವಿಶಿಷ್ಟ ಗುರುತು). ಸರ್ವಿಸ್ ಅಪ್ಲಿಕೇಷನ್‌ಗಳನ್ನೂ (ಸರ್ಚ್, ಯೂಸರ್ ಪ್ರೊಫೈಲ್‌ನಂಥ ಸೇವೆಗಳು) ವಿಝಾರ್ಡ್‌ಗೇ ಬಿಟ್ಟರೆ ಅವಕ್ಕೂ ಅದೇ ಬಾಲ. ರಾತ್ರಿ ಬ್ಯಾಕಪ್ ಫೇಲ್ ಆದಾಗ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಫೋನ್ ಮಾಡಿ, “ಸಾರ್, ಏಳು ಎಫ್ ಮೂರು ಸಿ ಅಂತ ಬರುತ್ತಲ್ಲ, ಅದು ಯಾವುದು?” ಅಂತ ಕೇಳುತ್ತಾರೆ. ಅವರಿಗಾದರೂ ಹೇಗೆ ಗೊತ್ತಾಗಬೇಕು? ಹೆಸರಲ್ಲಿ ಹೈಫನ್ ಬೇರೆ ಇರುವುದರಿಂದ ಟಿ-ಎಸ್‌ಕ್ಯೂಎಲ್‌ನಲ್ಲಿ (ಎಸ್‌ಕ್ಯೂಎಲ್ ಸರ್ವರ್‌ನ ಭಾಷೆ) ಪ್ರತಿ ಸಲ ಚೌಕ ಬ್ರಾಕೆಟ್ ಹಾಕಬೇಕು. ಮರೆತರೆ ಎರರ್.

ಈ ಕಾಟ ತಪ್ಪಿಸಲು ಒಳ್ಳೆಯ ಸಮಯ ಹೊಸ ಫಾರ್ಮ್ ಕಟ್ಟುವಾಗಲೇ. 2016 ಮತ್ತು 2019 ಆವೃತ್ತಿಗಳೆರಡಕ್ಕೂ ಮೈಕ್ರೋಸಾಫ್ಟ್ ಬೆಂಬಲದ ಕೊನೆಯ ದಿನ 14 ಜುಲೈ 2026. ಹಾಗಾಗಿ ಅವುಗಳ ನಂತರದ ಆವೃತ್ತಿಯಾದ ಸಬ್‌ಸ್ಕ್ರಿಪ್ಷನ್ ಎಡಿಷನ್‌ಗೆ ಹೋಗುವವರೆಲ್ಲ ಹೇಗೂ ಹೊಸದಾಗಿ ಕಟ್ಟಲೇಬೇಕು.

ಮೊದಲು ಪವರ್‌ಶೆಲ್ (ಕಮಾಂಡ್ ಬರೆದು ಕೆಲಸ ಮಾಡಿಸುವ ಮೈಕ್ರೋಸಾಫ್ಟ್ ಸಾಧನ) ಮುಟ್ಟಬೇಡಿ. ಡಿಬಿಎ ಜೊತೆ ಕೂತು ಹೆಸರಿನ ಪಟ್ಟಿ ಮಾಡಿ. ನಾನು ಬಳಸುವ ಕ್ರಮ ಇದು: ಮೊದಲು ‘ಎಸ್‌ಪಿ’, ಆಮೇಲೆ ಪರಿಸರ (ಪ್ರಾಡ್, ಟೆಸ್ಟ್), ಆಮೇಲೆ ಸೇವೆಯ ಹೆಸರು, ನಡುವೆ ಅಂಡರ್‌ಸ್ಕೋರ್. ‘ಎಸ್‌ಪಿ_ಪ್ರಾಡ್_ಕಾನ್ಫಿಗ್’, ‘ಎಸ್‌ಪಿ_ಪ್ರಾಡ್_ಸರ್ಚ್’, ಹೀಗೆ. ಹೈಫನ್, ಸ್ಪೇಸ್ ಎರಡೂ ಬೇಡ. ಹೆಸರಲ್ಲಿ ವರ್ಷ ಅಥವಾ ಆವೃತ್ತಿ ಸೇರಿಸುವುದೂ ನನಗೆ ಇಷ್ಟವಿಲ್ಲ. ಅಪ್‌ಗ್ರೇಡ್ ಆದ ಮೇಲೆ ಹೆಸರು ಒಂದು ಹೇಳುತ್ತದೆ, ಒಳಗಿರುವುದು ಇನ್ನೊಂದು.

ಪಟ್ಟಿಯನ್ನು ಸ್ಕ್ರಿಪ್ಟ್‌ನ ಮೇಲ್ಭಾಗದಲ್ಲಿ ವೇರಿಯಬಲ್‌ಗಳಾಗಿ ಬರೆಯಿರಿ. ‘ಎಸ್‌ಪಿ_ಪ್ರಾಡ್’ ಅನ್ನುವುದು ಒಂದೇ ಕಡೆ ಇರಲಿ, ಮಿಕ್ಕ ಎಲ್ಲ ಹೆಸರುಗಳೂ ಅದರಿಂದಲೇ ಹುಟ್ಟಲಿ. ಟೆಸ್ಟ್ ಫಾರ್ಮ್ ಕಟ್ಟುವಾಗ ಆ ಒಂದು ಸಾಲು ಬದಲಿಸಿದರೆ ಸಾಕು. ಪಾಸ್‌ಫ್ರೇಸ್ (ಫಾರ್ಮ್‌ನ ಗುಪ್ತಪದ) ಮಾತ್ರ ಫೈಲ್‌ನಲ್ಲಿ ಬರೆದಿಡಬೇಡಿ. ‘ರೀಡ್-ಹೋಸ್ಟ್’ಗೆ ‘ಆ್ಯಸ್‌ಸೆಕ್ಯೂರ್‌ಸ್ಟ್ರಿಂಗ್’ ಸೇರಿಸಿ, ಓಡಿಸುವಾಗಲೇ ಕೇಳಿಸಿಕೊಳ್ಳಿ. ಫಾರ್ಮ್ ಅಕೌಂಟ್‌ಗೆ ‘ಗೆಟ್-ಕ್ರೆಡೆನ್ಶಿಯಲ್’ ಇದೆ. (ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ.)

ಎಸ್‌ಕ್ಯೂಎಲ್ ಕಡೆ ಎರಡು ವಿಷಯ ನೋಡಿ. ಇನ್‌ಸ್ಟಾಲ್ ಮಾಡುವ ಅಕೌಂಟ್‌ಗೆ ಡಿಬಿಕ್ರಿಯೇಟರ್ (ಡೇಟಾಬೇಸ್ ಹುಟ್ಟಿಸಲು) ಮತ್ತು ಸೆಕ್ಯೂರಿಟಿಅಡ್ಮಿನ್ (ಲಾಗಿನ್ ನೋಡಿಕೊಳ್ಳಲು) ರೋಲ್ ಬೇಕು. ಮ್ಯಾಕ್ಸ್‌ಡಾಪ್ (ಒಂದು ಕ್ವೆರಿಗೆ ಎಷ್ಟು ಪ್ರೊಸೆಸರ್ ಅನ್ನುವ ಮಿತಿ) 1 ಇರಬೇಕು.

ಈಗ ಮುಖ್ಯ ಕೆಲಸ. ಇನ್‌ಸ್ಟಾಲರ್ ಮುಗಿದ ಮೇಲೆ ‘ಕಾನ್ಫಿಗರೇಷನ್ ವಿಝಾರ್ಡ್ ಓಡಿಸಲೇ?’ ಅನ್ನುವ ಟಿಕ್ ತೆಗೆಯಿರಿ. ಮ್ಯಾನೇಜ್‌ಮೆಂಟ್ ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಲೋಕಲ್ ಫಾರ್ಮ್ ಸಿಗುತ್ತಿಲ್ಲ ಅಂತ ಒಂದು ಸಂದೇಶ ಬರುತ್ತದೆ. ಗಾಬರಿ ಬೇಡ, ಫಾರ್ಮ್ ಇನ್ನೂ ಹುಟ್ಟೇ ಇಲ್ಲವಲ್ಲ! ಆಮೇಲೆ ‘ನ್ಯೂ-ಎಸ್‌ಪಿಕಾನ್ಫಿಗರೇಷನ್‌ಡೇಟಾಬೇಸ್’ ಓಡಿಸಿ. ‘ಡೇಟಾಬೇಸ್‌ನೇಮ್’ಗೆ ಕಾನ್ಫಿಗ್ ಹೆಸರು, ‘ಡೇಟಾಬೇಸ್‌ಸರ್ವರ್’ಗೆ ಎಸ್‌ಕ್ಯೂಎಲ್‌ನ ಏಲಿಯಾಸ್ (ಸರ್ವರ್‌ಗೆ ಕೊಟ್ಟ ಅಡ್ಡಹೆಸರು). ಕೈಗೆ ಸಿಗಬೇಕಾದ ನಿಜವಾದ ಬೀಗದ ಕೈ ಮಾತ್ರ ‘ಅಡ್ಮಿನಿಸ್ಟ್ರೇಷನ್‌ಕಂಟೆಂಟ್‌ಡೇಟಾಬೇಸ್‌ನೇಮ್’, ಅಂದರೆ ಫಾರ್ಮ್ ನಿರ್ವಹಿಸುವ ತಾಣವಾದ ಸೆಂಟ್ರಲ್ ಅಡ್ಮಿನಿಸ್ಟ್ರೇಷನ್‌ನ ಡೇಟಾಬೇಸ್ ಹೆಸರು. ಕಾನ್ಫಿಗ್ ಡೇಟಾಬೇಸ್ ಹೆಸರನ್ನು ವಿಝಾರ್ಡ್ ಕೇಳುತ್ತದೆ, ಇದನ್ನು ಕೇಳುವುದೇ ಇಲ್ಲ. ಇದನ್ನು ಕೊಟ್ಟಿರೋ, ಆ ಜಿಯುಐಡಿ ಬಾಲ ಹುಟ್ಟುವುದಿಲ್ಲ. 2016ರಿಂದ ಈಚೆಗೆ ‘ಲೋಕಲ್‌ಸರ್ವರ್‌ರೋಲ್’ (ಫಾರ್ಮ್‌ನಲ್ಲಿ ಈ ಸರ್ವರ್‌ನ ಪಾತ್ರ) ಕೂಡ ಕೊಡಬೇಕು.

ಆಮೇಲಿನದು ಸುಮ್ನೆ ಕ್ರಮವಾಗಿ ಓಡಿಸುವ ಕೆಲಸ: ಹೆಲ್ಪ್ ಕಲೆಕ್ಷನ್, ರಿಸೋರ್ಸ್ ಸೆಕ್ಯೂರಿಟಿ, ಸರ್ವಿಸ್‌ಗಳು, ಫೀಚರ್‌ಗಳು, ನಿಮ್ಮ ಪೋರ್ಟ್ ನಂಬರ್ ಕೊಟ್ಟು ಸೆಂಟ್ರಲ್ ಅಡ್ಮಿನಿಸ್ಟ್ರೇಷನ್, ಕೊನೆಗೆ ಅಪ್ಲಿಕೇಷನ್ ಕಂಟೆಂಟ್.

ಸೆಂಟ್ರಲ್ ಅಡ್ಮಿನ್ ತೆರೆದ ಕೂಡಲೇ ಇನ್ನೊಂದು ವಿಝಾರ್ಡ್ ಕರೆಯುತ್ತದೆ. ಅದಕ್ಕೂ ಬೇಡ ಅನ್ನಿ. ಇಲ್ಲಿ ಸೋತರೆ ಮೊದಲು ಪಟ್ಟ ಶ್ರಮವೆಲ್ಲ ನೀರುಪಾಲು. ಒಂದೊಂದು ಸೇವೆಯನ್ನೂ ಸ್ಕ್ರಿಪ್ಟ್‌ನಲ್ಲೇ ಹುಟ್ಟಿಸಿ. ಮ್ಯಾನೇಜ್ಡ್ ಮೆಟಾಡೇಟಾ, ಸೆಕ್ಯೂರ್ ಸ್ಟೋರ್, ಯೂಸೇಜ್ ಇವಕ್ಕೆ ‘ಡೇಟಾಬೇಸ್‌ನೇಮ್’ ಒಂದೇ ಸಾಕು. ಯೂಸರ್ ಪ್ರೊಫೈಲ್‌ಗೆ ಮೂರು ಹೆಸರು ಬೇಕು: ಪ್ರೊಫೈಲ್, ಸೋಷಿಯಲ್, ಸಿಂಕ್. ಒಂದನ್ನೂ ಖಾಲಿ ಬಿಡಬೇಡಿ. ಸರ್ಚ್‌ಗೆ ನೀವು ಕೊಡುವುದು ಒಂದೇ ಹೆಸರು, ಆದರೆ ಹುಟ್ಟುವುದು ನಾಲ್ಕು ಡೇಟಾಬೇಸ್. ಒಂದಕ್ಕೆ ನಿಮ್ಮ ಹೆಸರೇ ಇರುತ್ತದೆ. ಮಿಕ್ಕವಕ್ಕೆ ಅದರ ಹಿಂದೆ ‘ಅನಾಲಿಟಿಕ್ಸ್‌ರಿಪೋರ್ಟಿಂಗ್‌ಸ್ಟೋರ್’, ‘ಕ್ರಾಲ್‌ಸ್ಟೋರ್’, ‘ಲಿಂಕ್ಸ್‌ಸ್ಟೋರ್’ ಅಂತ ತಾನೇ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಸರ್ಚ್ ಹೆಸರು ಚಿಕ್ಕದಿರಲಿ. ಡಿಬಿಎಗೆ ನಾಲ್ಕೂ ಬರುತ್ತವೆ ಅಂತ ಮೊದಲೇ ಹೇಳಿಡಿ.

ಹಳೆಯ ಫಾರ್ಮ್‌ನಿಂದ ಕಂಟೆಂಟ್ ತರುವವರು ರಿಸ್ಟೋರ್ ಮಾಡುವಾಗಲೇ ಹೊಸ ಹೆಸರು ಕೊಟ್ಟು, ಆಮೇಲೆ ಮೌಂಟ್ ಮಾಡಿ, ಅಂದರೆ ಹೊಸ ಫಾರ್ಮ್‌ಗೆ ಜೋಡಿಸಿ. ಹಳೆಯ ‘ಡಬ್ಲ್ಯುಎಸ್‌ಎಸ್_ಕಂಟೆಂಟ್’ ಅನ್ನು ಹೊಸ ಮನೆಗೂ ಹೊತ್ತು ತರುವ ಅಗತ್ಯವಿಲ್ಲ.

ಎಲ್ಲ ಮುಗಿದ ಮೇಲೆ ‘ಗೆಟ್-ಎಸ್‌ಪಿಡೇಟಾಬೇಸ್’ ಓಡಿಸಿ, ಬಂದ ಹೆಸರುಗಳನ್ನು ನಿಮ್ಮ ಪಟ್ಟಿಯ ಜೊತೆ ಸಾಲುಸಾಲಾಗಿ ಹೋಲಿಸಿ. ಎಲ್ಲಾದರೂ ಜಿಯುಐಡಿ ಕಂಡರೆ ಆ ಸೇವೆಯನ್ನು ಡೇಟಾಬೇಸ್ ಸಮೇತ ಅಳಿಸಿ ಮತ್ತೆ ಹುಟ್ಟಿಸಿ. ಒಳಗೆ ಏನೂ ತುಂಬಿಲ್ಲದ ಈ ಹೊತ್ತಿನಲ್ಲಿ ಅದು ಸಣ್ಣ ಕೆಲಸ. ಬಳಕೆದಾರರು ಬಂದ ಮೇಲೆ ಹೆಸರು ಬದಲಿಸುವುದೆಂದರೆ ಡೌನ್‌ಟೈಮ್ ಕೇಳಬೇಕು, ಒಂದೊಂದು ಸೇವೆಗೂ ಒಂದೊಂದು ದಾರಿ ಹಿಡಿಯಬೇಕು.